ಐದು ಡಾಲರ್‌ಗೆ ಅನ್‌ಲಿಮಿಟೆಡ್: ಒಂದು ಬ್ಯಾಕಪ್ ಕಂಪನಿಯ ಲೆಕ್ಕದ ಕಥೆ

ಇವತ್ತಿನ ಕಥೆ ಅಮೆರಿಕದ್ದು. ಆದರೆ ಶುರು ಮಾಡೋದು ದಾವಣಗೆರೆಯ ನಮ್ಮಪ್ಪನ ಹಾರ್ಡ್‌ವೇರ್ ಅಂಗಡಿಯಿಂದ. ಹಾರ್ಡ್‌ವೇರ್ ಅಂದ್ರೆ ಕಂಪ್ಯೂಟರ್ ಅಲ್ಲ ಮತ್ತೆ. ಪೈಪು, ಮೊಳೆ, ಬಣ್ಣದ ಡಬ್ಬ.

2017ನೇ ಇಸವಿ. ಜುಲೈ 1ಕ್ಕೆ ಜಿಎಸ್‌ಟಿ ಬಂದಿತ್ತು. ನಾನು ಬಿ.ಕಾಂ ಎರಡನೇ ವರ್ಷ, ಅಂದರೆ ಪ್ರಪಂಚದ ಲೆಕ್ಕವೆಲ್ಲ ನನಗೇ ಗೊತ್ತು ಅನ್ನೋ ವಯಸ್ಸು. ಅಪ್ಪ ಇಪ್ಪತ್ತು ವರ್ಷದಿಂದ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಉದ್ರಿ ಬರೀತಿದ್ರು. ಯಾವ ಮೇಸ್ತ್ರಿ ಎಷ್ಟು ಪೈಪು ಒಯ್ದ, ಎಷ್ಟು ಕೊಟ್ಟ, ಎಷ್ಟು ಬಾಕಿ, ಎಲ್ಲ ಅದರಲ್ಲೇ. ನಾನೇ ಹಟ ಹಿಡಿದು ಅದನ್ನು ಬಿಡಿಸಿ ಎಲ್ಲವನ್ನೂ ಟ್ಯಾಲಿಗೆ ಹಾಕಿದ್ದೆ. ಬ್ಯಾಕಪ್ಪೂ ಇಟ್ಟಿದ್ದೆ, ಡಿ ಡ್ರೈವ್‌ನಲ್ಲಿ! ಸಿ ಡ್ರೈವ್ ಹೋದರೆ ಡಿ ಇದೆಯಲ್ಲ ಅಂತ. ಎರಡೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಭಾಗ ಅನ್ನೋದು ಗೊತ್ತಿತ್ತು. ಆದರೆ ಅದರ ಅರ್ಥ ಗೊತ್ತಾಗಿದ್ದು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಕಂಪ್ಯೂಟರ್ ಒಳಗಿಂದ ಟಕ್ ಟಕ್ ಅಂತ ಸದ್ದು ಬಂದು ಪರದೆ ಕಪ್ಪಾದಾಗ.

ಬೆಂಗಳೂರಿನ ಎಸ್.ಪಿ. ರೋಡಿಗೆ ಡಿಸ್ಕ್ ಹಿಡ್ಕೊಂಡು ಬಂದೆ. ಅಂಗಡಿಯವರೊಬ್ಬರು ಕಿವಿ ಹತ್ತಿರ ಇಟ್ಟು ಕೇಳಿ, ‘ಇಪ್ಪತ್ತೈದು ಸಾವಿರ ಆಗುತ್ತೆ, ಗ್ಯಾರಂಟಿ ಇಲ್ಲ’ ಅಂದ್ರು. ವಾಪಸ್ ಬಂದೆ. ಸುಮಾರು ಎರಡು ಲಕ್ಷದ ಉದ್ರಿ ಯಾರ ಹತ್ತಿರ ಎಷ್ಟಿದೆ ಅನ್ನೋದು ಅಪ್ಪನ ನೆನಪಿನಲ್ಲಿ ಎಷ್ಟಿತ್ತೋ ಅಷ್ಟೇ. ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಆಮೇಲೆ ಈ ಆನ್‌ಲೈನ್ ಬ್ಯಾಕಪ್ ಅಂದ್ರೇನು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇವತ್ತಿನ ಕಥೆ. ಕಂಪನಿಯ ಹೆಸರು ಬ್ಯಾಕ್‌ಬ್ಲೇಜ್. ಡ್ರಾಪ್‌ಬಾಕ್ಸ್ ಕಥೆ ನೀವೆಲ್ಲ ಕೇಳಿರ್ತೀರಿ. ಡ್ರೂ ಹ್ಯೂಸ್ಟನ್ ಪೆನ್‌ಡ್ರೈವ್ ಮರೆತು ಬಸ್ ಹತ್ತಿದ್ದು, ದಾರಿಯಲ್ಲೇ ಕೋಡ್ ಬರೆಯೋಕೆ ಕೂತಿದ್ದು. ಅದು ಸ್ಟಾರ್ಟಪ್ ಭಾಷಣಗಳಲ್ಲಿ ಸವೆದುಹೋಗಿದೆ. ಬ್ಯಾಕ್‌ಬ್ಲೇಜ್ ಕಥೆಯಲ್ಲಿ ಗ್ಲಾಮರ್ ಕಡಿಮೆ, ಕಾಸ್ಟ್ ಅಕೌಂಟಿಂಗ್ ಜಾಸ್ತಿ. ಅದಕ್ಕೇ ನನಗೆ ಇಷ್ಟ.

ಕ್ಯಾಲಿಫೋರ್ನಿಯಾದಲ್ಲಿ ಬ್ರಯಾನ್ ವಿಲ್ಸನ್ ಅನ್ನೋ ಎಂಜಿನಿಯರ್. ಒಂದು ದಿನ ಅವರ ಗೆಳತಿಯೊಬ್ಬರು ಫೋನ್ ಮಾಡಿದರು: ಕಂಪ್ಯೂಟರ್ ಕೆಟ್ಟಿದೆ, ಎಲ್ಲವೂ ಹೋಯಿತು, ಹೇಗಾದರೂ ತೆಗೆದುಕೊಡು ಅಂತ. ಬ್ಯಾಕಪ್ ಇರಲಿಲ್ಲ. ನಿಮ್ಮ ಗುಂಪಲ್ಲಿ ಕಂಪ್ಯೂಟರ್ ಓದಿದವರು ಯಾರಾದರೂ ಇದ್ದರೆ ಕೇಳಿ ನೋಡಿ, ಇಂಥ ಒಂದು ಫೋನ್ ಅವರಿಗೂ ಬಂದಿರುತ್ತೆ. ಉತ್ತರವೂ ಒಂದೇ. ಏನೂ ಮಾಡೋಕಾಗಲ್ಲ.

ವಿಲ್ಸನ್ ಮತ್ತು ಗೆಳೆಯರು ಅದಕ್ಕೂ ಮೊದಲು ಮೇಲ್‌ಫ್ರಾಂಟಿಯರ್ ಅನ್ನೋ ಸ್ಪ್ಯಾಮ್ ತಡೆಯುವ ಕಂಪನಿಯಲ್ಲಿ ಒಟ್ಟಿಗೆ ದುಡಿದವರು. 2006ರಲ್ಲಿ ಅದನ್ನು ಸೋನಿಕ್‌ವಾಲ್ ಕೊಂಡುಕೊಂಡಿತ್ತು. 2007ರಲ್ಲಿ ಗ್ಲೆಬ್ ಬುಡ್‌ಮನ್ ಸಿಇಒ ಆಗಿ ಇದೇ ಬಳಗ ಹೊಸ ಕಂಪನಿ ಶುರು ಮಾಡಿತು. ಆಫೀಸು ಅಂದ್ರೆ ಪಾಲೊ ಆಲ್ಟೊದಲ್ಲಿ ವಿಲ್ಸನ್ ಅವರ ಒಂದು ಬೆಡ್‌ರೂಮಿನ ಮನೆ. ಒಂದು ವರ್ಷ ಸಂಬಳ ಇಲ್ಲದೆ ಕೆಲಸ ಮಾಡೋದು ಅಂತ ಒಪ್ಪಂದ.

ಐಡಿಯಾ ಹೊಸದೇನಲ್ಲ, ಇದನ್ನು ಹೇಳಿಬಿಡಬೇಕು. ಯೂಟಾದ ಮೋಜಿ, ಬಾಸ್ಟನ್‌ನ ಕಾರ್ಬೊನೈಟ್ ಎರಡೂ 2005ರಲ್ಲೇ ಹುಟ್ಟಿದ್ದವು. ಮೋಜಿಯನ್ನು 2007ರಲ್ಲಿ ಇಎಂಸಿ 7.6 ಕೋಟಿ ಡಾಲರ್‌ಗೆ ಕೊಂಡಿತ್ತು. ಹಾಗಾದರೆ ಬ್ಯಾಕ್‌ಬ್ಲೇಜ್‌ನವರು ಹೊಸದಾಗಿ ಏನು ಮಾಡಬೇಕಂತಿದ್ದರು? ಆಯ್ಕೆಗಳನ್ನೇ ತೆಗೆದುಹಾಕೋದು. ಯಾವ ಫೋಲ್ಡರ್, ಯಾವಾಗ, ಎಷ್ಟು ಅಂತ ಬಳಕೆದಾರರನ್ನು ಕೇಳೋದೇ ಬೇಡ. ಕೇಳಿದರೆ ಜನ ‘ಆಮೇಲೆ ನೋಡೋಣ’ ಅಂತಾರೆ. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಕಂಪ್ಯೂಟರಿನಲ್ಲಿರೋ ಫೋಟೊ, ಕಡತ ಎಲ್ಲ ಹಿಂದಿನಿಂದ ಸದ್ದಿಲ್ಲದೆ ಹೋಗುತ್ತಿರಬೇಕು.

ಹಿಂದಿನಿಂದ, ನಿಧಾನವಾಗಿ ಅನ್ನೋದು ಆಗ ಅನಿವಾರ್ಯವೂ ಆಗಿತ್ತು. ಅಪ್‌ಲೋಡ್ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ 100 ಜಿಬಿ ಕಳಿಸೋಕೆ ಹಗಲೂ ರಾತ್ರಿ ಒಂಬತ್ತು ದಿನಕ್ಕೂ ಹೆಚ್ಚು ಬೇಕು, ಗುಣಿಸಿ ನೋಡಿ. ಡೇಟಾ ವಾಪಸ್ ಬೇಕಾದಾಗ ಅಷ್ಟು ಕಾಯೋರು ಯಾರು? ಅದಕ್ಕೆ ಡಿವಿಡಿಗೋ ಯುಎಸ್‌ಬಿ ಡಿಸ್ಕಿಗೋ ತುಂಬಿಸಿ ಕೊರಿಯರ್‌ನಲ್ಲಿ ಮನೆಗೇ ಕಳಿಸುವ ವ್ಯವಸ್ಥೆಯನ್ನೂ ಇಟ್ಟರು.

ಬೆಲೆ ತಿಂಗಳಿಗೆ 5 ಡಾಲರ್, ಆಗಿನ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ ರೂಪಾಯಿ. ಮಿತಿ ಇಲ್ಲ.

ಈಗ ನನ್ನ ಸಬ್ಜೆಕ್ಟು. ಈ 5 ಡಾಲರ್‌ನಲ್ಲಿ ಡೇಟಾ ಎಲ್ಲಿಡೋದು? 2006ರ ಮಾರ್ಚ್‌ನಲ್ಲಿ ಅಮೆಜಾನ್ ಎಸ್3 ಅನ್ನೋ ಬಾಡಿಗೆ ಗೋದಾಮು ತೆರೆದಿತ್ತು. ಅದರಲ್ಲಿ ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್. ಅಲ್ಲೇ ಇಟ್ಟುಬಿಟ್ಟರೆ ಸರ್ವರ್ ತಲೆನೋವು ಇಲ್ಲ. ಸರಿ, 5 ಡಾಲರನ್ನು 15 ಸೆಂಟ್‌ನಿಂದ ಭಾಗಿಸಿ. 33 ಜಿಬಿ ಬಂತು. ಗ್ರಾಹಕ 33 ಜಿಬಿ ದಾಟಿದ ಕ್ಷಣ ಅವನು ಕೊಟ್ಟ ಪೂರ್ತಿ ದುಡ್ಡು ಗೋದಾಮಿನ ಬಾಡಿಗೆಗೇ ಸರಿಹೋಯಿತು. ಕರೆಂಟು, ಇಂಟರ್‌ನೆಟ್ಟು, ಊಟ ಯಾವುದಕ್ಕೂ ಒಂದು ಪೈಸೆ ಉಳಿಯಲ್ಲ. ಇನ್ನು ಫೋಟೊ, ವಿಡಿಯೊ ಇರೋ ಮನೆಯಲ್ಲಿ 33 ಜಿಬಿ ಯಾವ ಮೂಲೆಗೆ?

ರೆಡಿಮೇಡ್ ಸ್ಟೋರೇಜ್ ಯಂತ್ರ ಕೊಳ್ಳೋಣ ಅಂದರೆ ದೊಡ್ಡ ಕಂಪನಿಗಳ ರೇಟು ಡಿಸ್ಕಿನ ಬೆಲೆಯ ಹತ್ತು ಪಟ್ಟು, ಇನ್ನೂ ಹೆಚ್ಚು. ಸಾಫ್ಟ್‌ವೇರ್ ಬರೆಯೋಕೆ ಅಂತ ಸೇರಿದ್ದ ಈ ಹುಡುಗರು ಕೊನೆಗೆ ತಗಡಿನ ಪೆಟ್ಟಿಗೆ ಮಾಡಿಸೋಕೆ ಹೊರಟರು.

ಪೆಟ್ಟಿಗೆಯ ಹೆಸರು ಸ್ಟೋರೇಜ್ ಪಾಡ್. ಕೆಂಪು ಬಣ್ಣದ ತಗಡಿನ ಕವಚ, ಒಳಗೆ 45 ಹಾರ್ಡ್‌ಡಿಸ್ಕ್ ನೆಟ್ಟಗೆ ಸಾಲಾಗಿ ನಿಂತಿರುತ್ತವೆ. ಡಿಸ್ಕ್ ಯಾವುದು? ಮನೆ ಕಂಪ್ಯೂಟರಿಗೆ ಹಾಕುವ ಅದೇ ಸಾಮಾನ್ಯ 1.5 ಟಿಬಿಯದು. ಆಪರೇಟಿಂಗ್ ಸಿಸ್ಟಂ ಪುಕ್ಕಟೆ ಸಿಗುವ ಲಿನಕ್ಸ್. ಒಟ್ಟು 67 ಟಿಬಿ, ಖರ್ಚು 7,867 ಡಾಲರ್. 2009ರ ಸೆಪ್ಟೆಂಬರ್ 1ರಂದು ಅವರು ಇದರ ಪೂರ್ತಿ ವಿನ್ಯಾಸವನ್ನು, ಯಾವ ಬಿಡಿಭಾಗ ಎಷ್ಟಕ್ಕೆ ಎಂಬ ಪಟ್ಟಿ ಸಮೇತ, ಎಲ್ಲರಿಗೂ ಬಿಚ್ಚಿಟ್ಟರು. ಒಂದು ಪೆಟಾಬೈಟ್, ಅಂದರೆ ಹತ್ತು ಲಕ್ಷ ಜಿಬಿ ಇಡೋಕೆ ಬರೀ ಡಿಸ್ಕಿನ ಖರ್ಚು 81,000 ಡಾಲರ್, ತಮ್ಮ ಪೆಟ್ಟಿಗೆಯಲ್ಲಿ 1,17,000, ಡೆಲ್ ಯಂತ್ರದಲ್ಲಿ 8,26,000, ಅಮೆಜಾನ್‌ನಲ್ಲಿ ಮೂರು ವರ್ಷಕ್ಕೆ 28 ಲಕ್ಷ ಡಾಲರ್ ಎಂದು ಹೋಲಿಕೆಯನ್ನೂ ಕೊಟ್ಟರು.

ನಾನು ಕ್ಯಾಲ್ಕುಲೇಟರ್ ತಗೊಂಡು ಕೂತೆ. ಪಾಡ್‌ನಲ್ಲಿ ಒಂದು ಜಿಬಿಗೆ ಬೀಳೋದು ಸುಮಾರು 12 ಸೆಂಟ್. ಅಮೆಜಾನ್‌ಗೆ ಪ್ರತಿ ತಿಂಗಳು 15 ಸೆಂಟ್ ಕಟ್ಟಬೇಕಿದ್ದ ಜಾಗಕ್ಕೆ ಇವರು ಒಂದೇ ಸಲ 12 ಸೆಂಟ್ ಹಾಕಿ ಕೈತೊಳೆದುಕೊಂಡರು. ಆದರೆ ನ್ಯಾಯವಾಗಿ ಹೇಳಬೇಕು: ಅಮೆಜಾನ್ ಬೆಲೆಯಲ್ಲಿ ಕರೆಂಟು, ಜನ, ಜಾಗ, ಒಂದಕ್ಕಿಂತ ಹೆಚ್ಚು ಪ್ರತಿ ಎಲ್ಲ ಸೇರಿರುತ್ತೆ. ತಗಡಿನ ಪೆಟ್ಟಿಗೆಯನ್ನು ಅದರ ಪಕ್ಕ ಇಡೋದು ಅಂದ್ರೆ ಅಕ್ಕಿ ರೇಟನ್ನು ಹೋಟೆಲ್ ಊಟದ ರೇಟಿನ ಜೊತೆ ಹೋಲಿಸಿದ ಹಾಗೆ. ಆ ಹೋಲಿಕೆ ಸ್ವಲ್ಪ ಜಾಹೀರಾತೂ ಹೌದು. ಆದರೂ ಅಂತರ ಎಷ್ಟಿದೆ ಅಂದ್ರೆ, ಆ ಖರ್ಚುಗಳನ್ನೆಲ್ಲ ಸೇರಿಸಿದರೂ 5 ಡಾಲರ್ ಲೆಕ್ಕ ಕೂಡಿಬರೋ ಸಾಧ್ಯತೆ ಹುಟ್ಟಿಕೊಂಡಿತು.

ವಿನ್ಯಾಸ ಯಾಕೆ ಪುಕ್ಕಟೆ ಕೊಟ್ಟರು ಅಂತ ನಮ್ಮಪ್ಪ ಕೇಳಿದ್ರು. ಅವರು ಮಾರುತ್ತಿದ್ದದ್ದು ಪೆಟ್ಟಿಗೆ ಅಲ್ಲ, ಬ್ಯಾಕಪ್. ಅಡುಗೆ ಗುಟ್ಟು ಹೇಳಿದ್ರೂ ಹೋಟೆಲ್ ನಡೆಯುತ್ತೆ. ಅವರಿಗೆ ಕವಚ ಮಾಡಿಕೊಡುತ್ತಿದ್ದ ಕೆನಡಾದ ಪ್ರೋಟೊಕೇಸ್ ಎಂಬ ತಗಡಿನ ಕೆಲಸದ ಕಂಪನಿ, ಇಂಥದ್ದೇ ಪೆಟ್ಟಿಗೆ ಬೇಕು ಅನ್ನೋರಿಗಾಗಿ ‘45 ಡ್ರೈವ್ಸ್’ ಅಂತ ಬೇರೆ ವ್ಯಾಪಾರವನ್ನೇ ತೆರೆಯಿತು. ಡಿಸ್ಕಿನ ಸಂಖ್ಯೆಯೇ ಕಂಪನಿಯ ಹೆಸರು!

ಅಪ್ಪನ ಇನ್ನೊಂದು ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ. ‘ಅಲ್ಲಪ್ಪಾ, ನಮ್ಮ ಡಿಸ್ಕು ಹೋಯ್ತು ಅಂತ ಅವನ ಹತ್ರ ಇಡ್ತೀವಿ. ಅವನೇ ಅಂಗಡಿ ಬಾಗಿಲು ಹಾಕ್ಕೊಂಡು ಹೋದ್ರೆ?’

ಹೋದವರಿದ್ದಾರೆ. ಕ್ಯಾಲಿಫೋರ್ನಿಯಾದ್ದೇ ‘ದಿ ಲಿಂಕಪ್’ ಎಂಬ ಸ್ಟೋರೇಜ್ ಸೇವೆ 2008ರ ಆಗಸ್ಟ್‌ನಲ್ಲಿ ಮುಚ್ಚಿತು. ಸುಮಾರು 20,000 ಮಂದಿ ದುಡ್ಡು ಕಟ್ಟುವ ಗ್ರಾಹಕರಿದ್ದರು, ಅನೇಕರ ಕಡತಗಳು ಮುಚ್ಚುವ ಮೊದಲೇ ಕಾಣೆಯಾಗಿದ್ದವು. ಅದೇ ಮೂಲದಿಂದ ಕವಲೊಡೆದಿದ್ದ ನಿರ್ವಾಣಿಕ್ಸ್ 2013ರ ಸೆಪ್ಟೆಂಬರ್‌ನಲ್ಲಿ ಗ್ರಾಹಕರಿಗೆ ಎರಡು ವಾರ ಟೈಮ್ ಕೊಟ್ಟು, ನಿಮ್ಮ ಡೇಟಾ ತೆಗೆದುಕೊಳ್ಳಿ ಅಂದಿತು. ದೊಡ್ಡ ದೊಡ್ಡ ಕಂಪನಿಗಳ ಡೇಟಾ ಅದರಲ್ಲಿತ್ತು. ಆಮೇಲೆ ಗಡುವು ಸ್ವಲ್ಪ ಮುಂದೂಡಿದರು ಅನ್ನಿ. ಅಂದರೆ ಬ್ಯಾಕ್‌ಬ್ಲೇಜ್ ಬಾಗಿಲು ತೆರೆದದ್ದೇ ಇಂಥ ಅನುಮಾನದ ಕಾಲದಲ್ಲಿ.

ಇದಕ್ಕೆ ಅವರ ಉತ್ತರ ಏನಿತ್ತು ಅಂದರೆ, ಡಿಸ್ಕ್ ಸಾಯುತ್ತೆ ಅಂತ ಮೊದಲೇ ಒಪ್ಪಿಕೊಳ್ಳೋದು. ಪಾಡ್‌ನ 45 ಡಿಸ್ಕನ್ನು ಹದಿನೈದರ ಮೂರು ಗುಂಪು ಮಾಡಿ, ಒಂದು ಗುಂಪಿನಲ್ಲಿ ಏಕಕಾಲಕ್ಕೆ ಎರಡು ಸತ್ತರೂ ಡೇಟಾ ಉಳಿಯುವಂತೆ ಜೋಡಿಸಿದ್ದರು. 2013ರಿಂದ ತಮ್ಮಲ್ಲಿರುವ ಪ್ರತಿ ಡಿಸ್ಕಿನ ಆರೋಗ್ಯದ ದಾಖಲೆ ಇಟ್ಟು, ಯಾವ ಕಂಪನಿಯ ಯಾವ ಮಾಡೆಲ್ ಎಷ್ಟು ಸಾಯ್ತಿದೆ ಅಂತ ಹೆಸರು ಹಿಡಿದು ಪ್ರಕಟಿಸತೊಡಗಿದರು. ಡಿಸ್ಕ್ ತಯಾರಕರು ಹೇಳದ ಗುಟ್ಟು ಅದು. ಇವತ್ತಿಗೂ ಹಾರ್ಡ್‌ಡಿಸ್ಕ್ ಕೊಳ್ಳೋ ಮುಂಚೆ ಅದನ್ನು ನೋಡೋ ಜನ ಇದ್ದಾರೆ, ನಾನೂ ಒಬ್ಬ. ಆದರೆ ಕಂಪನಿಯೇ ಮುಳುಗಿದರೆ ಅನ್ನೋದಕ್ಕೆ ಯಾವ ಹದಿನೈದರ ಗುಂಪೂ ಉತ್ತರ ಅಲ್ಲ. ಆ ಪರೀಕ್ಷೆ ಬಂದದ್ದು 2011ರಲ್ಲಿ, ಥಾಯ್ಲೆಂಡಿನಿಂದ.

ಥಾಯ್ಲೆಂಡ್ ಯಾಕೆ? ಜಗತ್ತಿನ ಹಾರ್ಡ್‌ಡಿಸ್ಕ್‌ಗಳ ಬಹುದೊಡ್ಡ ಪಾಲು ಅಲ್ಲಿ ತಯಾರಾಗುತ್ತಿತ್ತು, ಬ್ಯಾಂಕಾಕ್‌ನ ಉತ್ತರಕ್ಕಿರುವ ಕೈಗಾರಿಕಾ ಪ್ರದೇಶಗಳಲ್ಲಿ. ಆ ವರ್ಷದ ಮಳೆಗೆ ಚಾವೊ ಫ್ರಾಯಾ ನದಿ ಬಯಲೆಲ್ಲ ಹರಡಿಕೊಂಡಿತು. 800ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಯೊಳಗೆ ನೀರು ನುಗ್ಗಿ ಉತ್ಪಾದನೆ ನಿಂತಿತು. ಕೆಲವೇ ವಾರಗಳಲ್ಲಿ 129 ಡಾಲರ್ ಇದ್ದ 3 ಟಿಬಿ ಡಿಸ್ಕಿನ ಬೆಲೆ 349ಕ್ಕೆ ಏರಿತು.

ಇಲ್ಲಿ ಸ್ವಲ್ಪ ನಿಲ್ಲಿ. ಬ್ಯಾಕ್‌ಬ್ಲೇಜ್‌ಗೆ ಆಗ ದಿನಕ್ಕೆ ಸುಮಾರು 50 ಟಿಬಿ ಹೊಸ ಡೇಟಾ ಬರುತ್ತಿತ್ತು. ಅಂದರೆ ದಿನಕ್ಕೆ ಕಡೇ ಪಕ್ಷ 17 ಹೊಸ ಡಿಸ್ಕ್ ಬೇಕು, ಭಾನುವಾರವೂ ರಜೆ ಇಲ್ಲ. ಗ್ರಾಹಕನಿಗೆ ಕೊಟ್ಟ ಮಾತು 5 ಡಾಲರ್, ಮಿತಿ ಇಲ್ಲ. ಆದಾಯ ಅಲ್ಲಿಗೆ ಕಟ್ಟಿಹಾಕಿದೆ, ಕಚ್ಚಾಮಾಲು ಎರಡೂವರೆ ಪಟ್ಟಿಗಿಂತ ಮೇಲೆ ಹೋಗಿದೆ. ಹಿಂದೆ ದೊಡ್ಡ ಹೂಡಿಕೆದಾರರೂ ಇಲ್ಲ. ಸ್ವಂತ ದುಡ್ಡು, ಸ್ನೇಹಿತರ ದುಡ್ಡು, ಗ್ರಾಹಕರು ಕಟ್ಟಿದ ದುಡ್ಡಲ್ಲೇ ಕಂಪನಿ ನಡೀತಿತ್ತು. ಅದೇ ವರ್ಷದ ಆರಂಭದಲ್ಲಿ ಮೋಜಿ ಅನ್‌ಲಿಮಿಟೆಡ್ ಪ್ಲಾನನ್ನು ಕೈಬಿಟ್ಟಿತ್ತು, ಅದೂ ಪ್ರವಾಹಕ್ಕೆ ಮುಂಚೆ. ಹಾಗಾಗಿ ಇವರೂ ಬೆಲೆ ಏರಿಸಿದ್ದರೆ, ಮಿತಿ ಹಾಕಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ.

ಅವರು ಅಂಗಡಿಗಳಿಗೆ ಹೋದರು. ಡಿಸ್ಕಿನ ಬಿಡಿ ಬೆಲೆ ಏರಿದ್ದರೂ, ಪ್ಲಾಸ್ಟಿಕ್ ಡಬ್ಬಿಯೊಳಗೆ ಯುಎಸ್‌ಬಿ ಜೊತೆ ಬರುವ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಮಳಿಗೆಗಳಲ್ಲಿ ಇನ್ನೂ 169 ಡಾಲರ್‌ನ ಆಸುಪಾಸಿನಲ್ಲಿ ಸಿಗುತ್ತಿತ್ತು. ಡಬ್ಬಿ ಒಡೆದರೆ ಒಳಗಿರೋದು ಅದೇ 3 ಟಿಬಿ ಡಿಸ್ಕು. ಡಬ್ಬಿ ಸಮೇತ ಅಗ್ಗ, ಡಬ್ಬಿ ಇಲ್ಲದೆ ದುಬಾರಿ. ತೆಂಗಿನಕಾಯಿಗಿಂತ ಕೊಬ್ಬರಿ ತುಟ್ಟಿಯಾದಾಗ ಕಾಯಿ ಕೊಂಡು ಒಡೆದ ಹಾಗೆ.

ಆದರೆ ಮಳಿಗೆಗಳೂ ಎಚ್ಚೆತ್ತಿದ್ದವು. ಒಬ್ಬರಿಗೆ ಎರಡೇ ಅಂತ ಬೋರ್ಡ್ ಹಾಕಿದವು. ಎರಡೇ ಅಂದ್ರೆ ಎರಡೇ. ಕಂಪನಿಯ ಸಿಬ್ಬಂದಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಕಾರು ಹತ್ತಿ, ಒಂದು ಕಾಸ್ಟ್‌ಕೊ ಮಳಿಗೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬೆಸ್ಟ್ ಬೈಗೆ, ಎರಡೆರಡೇ ಡಿಸ್ಕ್ ಕೊಳ್ಳುತ್ತಾ ಸುತ್ತಿದರು. ಬೇರೆ ಊರುಗಳಲ್ಲಿದ್ದ ಸ್ನೇಹಿತರು, ನೆಂಟರು ಕೊಂಡು ಕೊರಿಯರ್ ಮಾಡಿದರು. ಆಫೀಸಿನಲ್ಲಿ ಒಂದು ಕಡೆ ಡಬ್ಬಿ ಒಡೆಯೋರು, ಇನ್ನೊಂದು ಕಡೆ ಖಾಲಿ ಪ್ಲಾಸ್ಟಿಕ್ಕಿನ ರಾಶಿ. ಇದಕ್ಕೆ ಅವರಿಟ್ಟ ಹೆಸರು ‘ಡ್ರೈವ್ ಫಾರ್ಮಿಂಗ್’, ಡಿಸ್ಕ್ ಬೇಸಾಯ. ಡಬ್ಬಿ ಒಡೆದ ಮೇಲೆ ವಾರಂಟಿಯನ್ನು ಮರೆತುಬಿಡಬೇಕು, ಆ ರಿಸ್ಕೂ ತಲೆ ಮೇಲೆ. ಹೀಗೆ ಸುಮಾರು 5.5 ಪೆಟಾಬೈಟ್ ಕೂಡಿಹಾಕಿದರು. 3 ಟಿಬಿ ಲೆಕ್ಕದಲ್ಲಿ 1,800ಕ್ಕೂ ಹೆಚ್ಚು ಡಿಸ್ಕು!

ಆ 5 ಡಾಲರ್ ಬೆಲೆ ಆ ವರ್ಷ ಏರಲಿಲ್ಲ, ಮುಂದಿನ ವರ್ಷವೂ ಏರಲಿಲ್ಲ. ಏರಿದ್ದು 2019ರಲ್ಲಿ, 6 ಡಾಲರ್‌ಗೆ. ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಬೋರ್ಡು ಬದಲಾಗಿತ್ತು. ಕ್ರ್ಯಾಶ್‌ಪ್ಲಾನ್ ಮನೆಬಳಕೆಯ ಸೇವೆ ನಿಲ್ಲಿಸೋದಾಗಿ 2017ರಲ್ಲಿ ಹೇಳಿತು. 2018ರಲ್ಲಿ ಮೋಜಿಯನ್ನು ಕಾರ್ಬೊನೈಟ್ ಕೊಂಡಿತು, ಮರುವರ್ಷ ಕಾರ್ಬೊನೈಟನ್ನೇ ಓಪನ್‌ಟೆಕ್ಸ್ಟ್ ಕೊಂಡಿತು.

ಈ ಕಥೆ ಓದುವವರೆಗೂ ನನಗೆ ಅನ್‌ಲಿಮಿಟೆಡ್ ಅನ್ನೋ ಪದದ ಒಳಗೇನಿದೆ ಅಂತ ಗೊತ್ತಿರಲಿಲ್ಲ. ನಮ್ಮೂರ ಖಾನಾವಳಿ ನೆನಪು ಮಾಡ್ಕೊಳ್ಳಿ. ರೊಟ್ಟಿ ಎಷ್ಟು ಬೇಕಾದ್ರೂ ಹಾಕ್ತಾರೆ. ಎಂಟು ರೊಟ್ಟಿ ತಿನ್ನೋನ ನಷ್ಟವನ್ನು ಎರಡು ತಿಂದು ಕೈ ತೊಳೆಯೋನು ತುಂಬ್ತಾನೆ. ಬ್ಯಾಕಪ್ಪಿನಲ್ಲೂ ಹಾಗೇ, ಕೆಲವರ ನೂರಾರು ಜಿಬಿಗೆ ಉಳಿದವರ ಹತ್ತಿಪ್ಪತ್ತು ಜಿಬಿ ಆಧಾರ. ಆದರೆ ಒಂದು ವ್ಯತ್ಯಾಸ ಇದೆ. ಖಾನಾವಳಿಯಲ್ಲಿ ಇವತ್ತು ಉಂಡಿದ್ದು ಇವತ್ತಿಗೆ ಮುಗೀತು. ಬ್ಯಾಕಪ್ಪಿನಲ್ಲಿ ಗ್ರಾಹಕ ಐದು ವರ್ಷದ ಹಿಂದೆ ಉಂಡ ಊಟವನ್ನೂ ಪ್ರತಿದಿನ ಬಿಸಿ ಮಾಡಿ ಇಟ್ಟಿರಬೇಕು, ಇವತ್ತಿನದನ್ನೂ ಬಡಿಸಬೇಕು. ಅದು ನಡೆಯೋದು ಅಕ್ಕಿ ಬೆಲೆ ವರ್ಷವರ್ಷ ಇಳಿಯುತ್ತಾ ಹೋದರೆ ಮಾತ್ರ. ಹಾರ್ಡ್‌ಡಿಸ್ಕಿನ ಬೆಲೆ ಇಳೀತಾನೇ ಇರುತ್ತೆ ಅನ್ನೋದರ ಮೇಲೆ ಕಟ್ಟಿದ ಪಂದ್ಯ ಅದು. ಒಂದು ನದಿ ದಡ ಮೀರಿ ಹರಿದಾಗ ಆ ಪಂದ್ಯ ಬಯಲಾಯಿತು.

2012ರಲ್ಲಿ ಟಿಎಂಟಿ ಇನ್ವೆಸ್ಟ್‌ಮೆಂಟ್ಸ್‌ನಿಂದ 50 ಲಕ್ಷ ಡಾಲರ್ ಬಂತು. 2015ರಲ್ಲಿ ಅವರು ತಮ್ಮ ಗೋದಾಮನ್ನೇ ಬಾಡಿಗೆಗೆ ಕೊಡತೊಡಗಿದರು, ಬಿ2 ಅನ್ನೋ ಹೆಸರಿನಲ್ಲಿ, ಒಂದು ಜಿಬಿಗೆ ತಿಂಗಳಿಗೆ ಅರ್ಧ ಸೆಂಟ್. ಮೊದಲ ದಿನ ಯಾರ ಬಾಡಿಗೆ ಕಟ್ಟೋಕಾಗದೆ ಪೆಟ್ಟಿಗೆ ಮಾಡಿಸಿದರೋ ಅದೇ ಅಮೆಜಾನ್ ಎದುರು ಅಂಗಡಿ. 2021ರ ನವೆಂಬರ್‌ನಲ್ಲಿ ನ್ಯಾಸ್‌ಡಾಕ್‌ನಲ್ಲಿ ಷೇರು ಬಿಟ್ಟರು, ಒಂದಕ್ಕೆ 16 ಡಾಲರ್. ಆ ವರ್ಷದ ಲೆಕ್ಕಪತ್ರದಲ್ಲಿ ಕೊನೆಯ ಸಾಲು ನಷ್ಟವೇ. ಹಾಗಾಗಿ ಅಪ್ಪನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದೆ ಅಂತ ನಾನೇನೂ ಹೇಳಲ್ಲ. 5 ಡಾಲರ್ ಇದ್ದ ಪ್ಲಾನು 2023ಕ್ಕೆ 9 ಡಾಲರ್ ಆಗಿದೆ.

ಇನ್ನು ನಮ್ಮ ಉದ್ರಿ ಕಥೆ. ಆ ಆಗಸ್ಟ್‌ನಲ್ಲಿ ಅಪ್ಪ ಅಂಗಡಿಗೆ ಬಂದ ಒಬ್ಬೊಬ್ಬ ಮೇಸ್ತ್ರಿಯನ್ನೂ ಕೂರಿಸಿ ಚಹಾ ಕೊಟ್ಟು, ಇದ್ದದ್ದು ಇದ್ದಂಗೆ ಹೇಳಿದ್ರು: ‘ಲೆಕ್ಕ ಹೋಗೇತಿ. ನೀನೇ ಹೇಳು, ಎಷ್ಟೈತಿ?’ ನನಗೆ ನಾಚಿಕೆ, ಹೀಗೆ ಕೇಳಿದ್ರೆ ಯಾರು ಹೇಳ್ತಾರೆ ಅಂತ. ಹೇಳಿದರು. ಕೆಲವರು ತಮ್ಮ ಡೈರಿ ತಂದು ತೋರಿಸಿದರು. ಒಬ್ಬರಂತೂ ಅಪ್ಪ ಅಂದುಕೊಂಡಿದ್ದಕ್ಕಿಂತ ಎರಡು ಸಾವಿರ ಜಾಸ್ತಿನೇ ಹೇಳಿದರು. ಇನ್ನು ಕೆಲವರು ಆ ಬೀದಿಗೇ ಬರೋದು ಬಿಟ್ಟರು. ಕೊನೆಗೆ ಸುಮಾರು ನಲವತ್ತು ಸಾವಿರ ಕೈಬಿಟ್ಟು ಹೋಯಿತು. ನಾನದನ್ನು ಬ್ಯಾಡ್ ಡೆಟ್ಸ್ ಅಂತ ಬರೆದೆ. ಅಪ್ಪ ಅದನ್ನು ನನ್ನ ಫೀಸು ಅಂತಾರೆ.

ಈಗ ಲೆಕ್ಕ ಮೂರು ಕಡೆ ಇದೆ. ಕಂಪ್ಯೂಟರಿನಲ್ಲಿ ಒಂದು, ರಾತ್ರಿ ಅಂಗಡಿ ಮುಚ್ಚಿ ಮನೆಗೆ ತರುವ ಪೆನ್‌ಡ್ರೈವ್‌ನಲ್ಲಿ ಒಂದು, ಆನ್‌ಲೈನ್‌ನಲ್ಲಿ ಒಂದು. ನಾಲ್ಕನೆಯದು ಅಪ್ಪನದು, ಹೊಸ ಕೆಂಪು ರಟ್ಟಿನ ಪುಸ್ತಕ. ಬೇಡ ಅನ್ನೋ ಧೈರ್ಯ ನನಗಿಲ್ಲ. ಕಳೆದ ದೀಪಾವಳಿಗೆ ಅಂಗಡಿ ಪೂಜೆಯಲ್ಲಿ ಪುಸ್ತಕಕ್ಕೆ ಕುಂಕುಮ ಹಚ್ಚಿದ ಬೆರಳಲ್ಲೇ ಪೆನ್‌ಡ್ರೈವ್‌ಗೂ ಒಂದು ಬೊಟ್ಟು ಇಟ್ಟರು. ‘ಆ ಮೂರನೇದಕ್ಕೆ ಎಲ್ಲಿ ಹಚ್ಚಬೇಕೋ?’ ಅಂದ್ರು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಅಷ್ಟರೊಳಗೆ ನಿಮ್ಮ ಡಿ ಡ್ರೈವ್ ಒಂದು ಸಲ ನೋಡ್ಕೊಳ್ಳಿ.